ತಿರುಗುವ ತೂಕ

ಯುನೂಸ್‌ನನ್ನು ನಾನು ಮೊದಲ ಸಲ ಕಂಡದ್ದು ಕುಂದಗೋಳದ ಹೊರಗೆ, ಕಡಲೆ ಕಿತ್ತು ಖಾಲಿಯಾಗಿದ್ದ ಒಂದು ಹೊಲದಲ್ಲಿ. ಕಂಡ ಕಾಲು ಗಂಟೆಯೊಳಗೆ, ಮೂವತ್ತು ಜನರ ಎದುರಿಗೆ, ಅವನನ್ನು ಮೋಸಗಾರ ಅಂದೆ.

ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮದೊಂದು ಚಿಕ್ಕ ಬಳಗ. ಹುಬ್ಬಳ್ಳಿ, ಧಾರವಾಡ, ಸುತ್ತಿನ ತಾಲೂಕುಗಳವರು. ರಿಮೋಟಿನಿಂದ ನಡೆಯುವ ಬ್ಯಾಟರಿ ಬಗ್ಗಿಗಳ ಹುಚ್ಚು ನಮ್ಮೆಲ್ಲರಿಗೂ. ಮೊಳದುದ್ದದ ಗಾಡಿ, ನಾಲ್ಕು ದಪ್ಪ ಗಾಲಿ. ಮಣ್ಣಿನ ದಿಬ್ಬ ಹತ್ತಿ, ಗಾಳಿಯಲ್ಲಿ ಹಾರಿ, ಧೂಳೆಬ್ಬಿಸಿಕೊಂಡು ಇಳಿಯುತ್ತವೆ. ದೊಡ್ಡವರ ಆಟಿಕೆ ಅಂತ ನಗುವವರು ನಗಲಿ. ನಾನು ಅಣ್ಣಿಗೇರಿಯ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ಮಕ್ಕಳಿಗೆ ಚಲನೆಯ ಪಾಠ ತೋರಿಸಲು ಒಂದು ಬಗ್ಗಿ ತರಿಸಿದೆ; ಪಾಠ ಮುಗಿದರೂ ಹುಚ್ಚು ಮುಗಿಯಲಿಲ್ಲ.

ಬಳಗದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಫೆಬ್ರವರಿಯ ಆ ರೇಸಿನಲ್ಲಿ ನಮ್ಮ ಹಿರಿಯರಾದ ರಘೂತ್ತಮ ಡಾಕ್ಟರು, ಹುಬ್ಬಳ್ಳಿಯ ಹಲ್ಲಿನ ಡಾಕ್ಟರು, ತೂಕ ನೋಡುವ ಕೆಲಸವನ್ನು ನನಗೆ ಕೊಟ್ಟರು. ಮೂರು ಕಿಲೊ ಇನ್ನೂರು ಗ್ರಾಮಿಗಿಂತ ಕಡಿಮೆ ಇರುವ ಗಾಡಿ ಓಡುವಂತಿಲ್ಲ ಎಂಬುದು ನಿಯಮ. ನಾನು ತಕ್ಕಡಿಯ ಮುಂದೆ ಕುರ್ಚಿ ಹಾಕಿಕೊಂಡು, ದುಪಟ್ಟಾ ಸರಿ ಮಾಡಿಕೊಂಡು, ಪರೀಕ್ಷೆಯ ಕೋಣೆ ಕಾಯುವವಳಂತೆ ಕೂತೆ. ಯಾರೂ ನನ್ನನ್ನು ಏನೂ ತಿಳಿಯದವಳು ಅನ್ನಬಾರದು ಎಂಬುದೊಂದೇ ತಲೆಯಲ್ಲಿ.

ಅವನು ಕೊನೆಗೆ ಬಂದ. ನವಲಗುಂದದಿಂದ ಬೈಕಿನ ಮೇಲೆ ಬಂದದ್ದರಿಂದ ಹುಬ್ಬಿನ ಮೇಲೆಲ್ಲ ಧೂಳು. ಹಳೆಯ ಜಮಖಾನದ ತುಂಡಿನಲ್ಲಿ ಸುತ್ತಿದ್ದ ಬಗ್ಗಿಯನ್ನು ಬಿಚ್ಚಿ, ನಿದ್ದೆ ಹೋದ ಕೂಸನ್ನು ಮಲಗಿಸುವವರ ಹಾಗೆ ಎರಡೂ ಕೈಯಿಂದ ತಕ್ಕಡಿಯ ಮೇಲಿಟ್ಟ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ಅಗಲವಾದ, ಜೇನಿನ ಬಣ್ಣದ ಕಣ್ಣು. ತುಟಿಯ ಒಂದು ಕಡೆ ಮಾತ್ರ ನಗು ಬಂತು, ಬಂದಷ್ಟೇ ಬೇಗ ಹೋಯಿತು.

ಆ ನಗುವನ್ನು ನಾನು ತಪ್ಪು ಓದಿದೆ. ಇವಳಿಗೇನು ಗೊತ್ತಾದೀತು ಅಂತ ನಗುತ್ತಿದ್ದಾನೆ ಅಂದುಕೊಂಡೆ.

ತೂಕ ಮೂರು ಕಿಲೊ ಇನ್ನೂರ ಹತ್ತು ಬಂತು. ಅಲ್ಲಿಗೆ ಬಿಡಬೇಕಿತ್ತು. ನಾನು ಗಾಡಿಯನ್ನು ಬೋರಲು ಮಾಡಿದೆ. ಗಾಲಿಗಳ ಒಳಮೈಯಲ್ಲಿ ಸಾಲಾಗಿ ದುಂಡನೆಯ ತೂತುಗಳು. ಗಾಡಿಯ ತಳದಲ್ಲಿ, ಬ್ಯಾಟರಿಯ ಪಕ್ಕಕ್ಕೆ, ಅಂಟಿಸಿದ ಸೀಸದ ಬಿಲ್ಲೆ.

ಇದೇನು ಅಂತ ಕೇಳಿದೆ. ಗಾಲಿ ಹಗುರ ಮಾಡಿದ್ದೇನೆ, ಒಟ್ಟು ತೂಕ ಕಡಿಮೆಯಾಗಬಾರದೆಂದು ಸೀಸ ಹಾಕಿದ್ದೇನೆ ಎಂದು ಅವನು ಸಹಜವಾಗಿ ಹೇಳಿದ. ಸುತ್ತ ಜನ ಸೇರಿದ್ದರು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ನಿಜವಲ್ಲ, ಗಟ್ಟಿಯಾದ ಧ್ವನಿ.

“ಇದು ತೂಕದಾಗ ಮೋಸ,” ಅಂದೆ. “ಗಾಲಿಯೊಳಗ ಕದ್ದು ತಕ್ಕಡಿಗೆ ತೋರಸಾಕ ಸೀಸಾ ಇಟ್ಟೀರಿ. ಈ ಗಾಡಿ ಓಡಂಗಿಲ್ಲ.”

ಯಾರೋ ನಕ್ಕರು. ಒಬ್ಬ ಫೋನಿನಲ್ಲಿ ಗಾಲಿಯ ಫೋಟೊ ತೆಗೆದ. ಡಾಕ್ಟರು ಹೊಲದ ಆ ತುದಿಯಲ್ಲಿ ಟ್ರ್ಯಾಕಿನ ಅಂಚು ಗುರುತಿಸಲು ಪೈಪು ಹಾಸುತ್ತಿದ್ದರು. ಅವರು ಬರುವಷ್ಟರಲ್ಲಿ ಅವನು ಗಾಡಿಯನ್ನು ಸುತ್ತಿಕೊಂಡು ಬೈಕ್ ಹತ್ತಿದ್ದ. ಹೋಗುವ ಮುಂಚೆ ಇನ್ನೊಮ್ಮೆ ನನ್ನ ಕಡೆ ನೋಡಿದ. ಈ ಸಲ ನಗು ಇರಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ತಿರುಗುವ ವಸ್ತುಗಳ ಪಾಠ ಇತ್ತು. ಬೋರ್ಡಿನ ಮೇಲೆ ಒಂದು ಚಕ್ರ ಬರೆದೆ. ತೂಕ ಅಂಚಿನ ಕಡೆಗೆ ಇದ್ದಷ್ಟೂ ಚಕ್ರವನ್ನು ತಿರುಗಿಸಲು ಕಷ್ಟ, ನಿಲ್ಲಿಸಲೂ ಕಷ್ಟ ಎಂದು ವರ್ಷವೂ ಹೇಳುವ ಮಾತನ್ನೇ ಹೇಳಿದೆ. ಹೇಳುತ್ತಿದ್ದಂತೆ ಚಾಕ್‌ಪೀಸ್ ನಿಂತಿತು.

ಅವನು ಮಾಡಿದ್ದು ಇದನ್ನೇ ಅಲ್ಲವೇ. ನಾನು ಬರೆದು ಅಳಿಸುವುದನ್ನು ಅವನು ಮಾಡಿ ನೋಡಿದ್ದ.

ಮನೆಗೆ ಬಂದು ಬಳಗದ ನಿಯಮಗಳ ನಾಲ್ಕು ಹಾಳೆ ಓದಿದೆ. ಒಟ್ಟು ತೂಕದ ಮಾತೊಂದೇ ಇತ್ತು. ಗಾಲಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಾಗ ಅವರು, ತಮಗೂ ಹಾಗೇ ಅನಿಸಿತ್ತು, ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತು ಹಾಕಿದರೆ ಮುಗಿಯಿತು ಎಂದರು. ಬರೆದೆ. ಅಳಿಸಿದೆ. ‘ಫಿಸಿಕ್ಸ್ ಮೇಡಂ’ ಅಂತ ನಗುವ ಮೂವತ್ತು ಮುಖ ಕಣ್ಣಿಗೆ ಬಂತು. ಮೊದಲು ಅವನಲ್ಲಿ ಕ್ಷಮೆ ಕೇಳುತ್ತೇನೆ, ಗ್ರೂಪಿಗೆ ಆಮೇಲೆ ಅಂತ ನನಗೆ ನಾನೇ ಹೇಳಿಕೊಂಡೆ. ಆ ‘ಆಮೇಲೆ’ ಐದು ವಾರ ನಡೆಯಿತು.

ಮುಂದಿನ ರವಿವಾರ ನವಲಗುಂದದ ಬಸ್ ಹತ್ತಿದೆ.

ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನೆಲದ ತುಂಬ ಮೋಟರುಗಳು, ಗಾಳಿಯ ತುಂಬ ವಾರ್ನಿಶಿನ ವಾಸನೆ. ಹಿಂದೆಯೇ ಮನೆ, ಅಲ್ಲಿಂದ ಮಗ್ಗದ ದಪ್ ದಪ್ ಸದ್ದು. ಅವನ ತಾಯಿ ಜೈನಬಿ ಜಮಖಾನ ನೇಯುತ್ತಿದ್ದರು.

ನನ್ನನ್ನು ನೋಡಿ ಅವನು ಎದ್ದು ನಿಂತ. ಕೈಯಲ್ಲಿ ತಂತಿ ಹಾಗೇ ಇತ್ತು.

ನಾನು ಬಸ್ಸಿನಲ್ಲಿ ಕಲಿತು ತಂದಿದ್ದ ಮಾತು ಅರ್ಧಕ್ಕೇ ಮರೆತುಹೋಯಿತು. ಕಣ್ಣು ನೆಲದಲ್ಲಿ ನೆಟ್ಟು, “ನಂದ ತಪ್ಪ್ರಿ. ನಿಯಮಾ ಓದಿರಲಿಲ್ಲ. ಓದಲಾರದ ನಿಮಗ ಹಂಗ ಅಂದೆ,” ಎಂದೆ.

ಅವನು ಕೈಯಲ್ಲಿದ್ದ ತಂತಿಯನ್ನು ಸುತ್ತಿ ಪಕ್ಕಕ್ಕಿಟ್ಟ. ನನ್ನ ಚಪ್ಪಲಿಯ ಮೇಲಿನ ಧೂಳನ್ನು ನಾನು ಎಣಿಸುತ್ತಿದ್ದೆ.

“ಚಾ ಕುಡೀತೀರೇನ್ರಿ?” ಅಂದ.

ಬೈದಿದ್ದರೆ ಹಗುರಾಗುತ್ತಿದ್ದೆ. ಲೋಟದ ಅಂಚಿನ ಮೇಲಿಂದ ಕದ್ದು ನೋಡಿದಾಗ ಅವನೂ ನೋಡುತ್ತಿದ್ದ. ಇಬ್ಬರೂ ಒಟ್ಟಿಗೆ ಬೇರೆ ಕಡೆ ತಿರುಗಿದೆವು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವನು ನೋಡಿದ್ದು ಖಾಲಿ ಗೋಡೆ.

ಗಾಡಿ ತೋರಿಸುವಿರಾ ಅಂತ ಕೇಳಿದೆ. ಆಗ ಅವನ ಮುಖ ಬದಲಾಯಿತು.

ಅವನ ಬಗ್ಗಿ ಬೇರೊಬ್ಬರು ಓಡಿಸಿ ಬಿಟ್ಟ ಹಳೆಯದು. ಮೋಟರು ಬೇಗ ಕಾಯುತ್ತಿತ್ತು. ಕಾದ ಮೋಟರಿನ ಕಷ್ಟ ಅವನಿಗೆ ಹೇಳಿಕೊಡಬೇಕಿರಲಿಲ್ಲ. ಹೊಸ ಮೋಟರು ಹಾಕುವ ಬದಲು ಅದರ ಮೇಲಿನ ಹೊರೆ ಇಳಿಸಿದರಾಯಿತು ಅಂದುಕೊಂಡ. ಗಾಡಿಯಲ್ಲಿ ಹೊತ್ತ ತೂಕವನ್ನು ಮೋಟರು ಎಳೆದರೆ ಸಾಕು. ಗಾಲಿಯ ತೂಕವನ್ನು ಎಳೆಯಲೂ ಬೇಕು, ತಿರುಗಿಸಲೂ ಬೇಕು. ಪ್ರತಿ ತಿರುವಿನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಬೇಕು. ಟೈರು ಸೇರಿ ಒಂದೊಂದು ಗಾಲಿ ನೂರಾ ತೊಂಬತ್ತು ಗ್ರಾಂ ಇದ್ದದ್ದನ್ನು ಅವನು ನೂರಾ ಐವತ್ತಕ್ಕೆ ತಂದಿದ್ದ. ಗಾಲಿಗೆ ತೂತು ಕೊರೆದಿದ್ದ. ಟೈರಿನ ಒಳಮೈಯ ರಬ್ಬರನ್ನು ತೆಳ್ಳಗೆ ಉಜ್ಜಿದ್ದ. ಟೈರಿನೊಳಗೆ ಇಡುವ ಸ್ಪಂಜಿನ ಅಂಚುಗಳನ್ನು ಕತ್ತರಿಸಿ ತೆಗೆದಿದ್ದ. ತೂತುಗಳಿಂದ ಎರೆ ಮಣ್ಣು ಒಳಗೆ ಹೋಗದಿರಲೆಂದು ಒಳಗಿನಿಂದ ತೆಳು ಬಟ್ಟೆ ಅಂಟಿಸಿದ್ದ.

“ಅಂಟೂ ಕಡಿಮಿ ಹಚ್ಚಬೇಕ್ರಿ,” ಅಂದ. “ಮಂದಿ ಧಾರಾಳ ಸುರೀತಾರ. ಅದೂ ತೂಕನ ಅಲ್ರಿ.”

ನನ್ನ ಗಾಡಿಗೂ ಮಾಡಿಕೊಡುವಿರಾ ಅಂತ ಕೇಳಲು ಬಾಯಿ ಬರಲಿಲ್ಲ. ಅವನೇ, ನಿಮ್ಮ ಗಾಲಿಗಳನ್ನು ಮುಂದಿನ ರವಿವಾರ ತನ್ನಿ ಅಂದ. ಮಾಡಿಕೊಡುವುದಿಲ್ಲ, ಕಲಿಸುತ್ತೇನೆ ಅಂದ.

ಹೀಗೆ ರವಿವಾರಗಳು ಶುರುವಾದವು.

ಎರಡನೆಯ ರವಿವಾರ ನಾನು ಉತ್ಸಾಹದಲ್ಲಿ ಹನ್ನೆರಡರ ಜಾಗದಲ್ಲಿ ಇಪ್ಪತ್ತು ತೂತು ಕೊರೆದೆ. ಗಾಲಿ ಕೈಯಲ್ಲೇ ಚಟ್ ಅಂತ ಸೀಳಿತು. ಅವನು ಸೀಳಿದ ಗಾಲಿಯನ್ನು ತಕ್ಕಡಿಯ ಮೇಲಿಟ್ಟು, ಬಹಳ ಗಂಭೀರವಾಗಿ, ಅಗದಿ ಹಗುರಾಗಿದೆ ಮೇಡಂ, ಇನ್ನು ಗಾಡಿಯೇ ಬೇಡ ಅಂದ. ನನಗೆ ನಗು ತಡೆಯಲಾಗಲಿಲ್ಲ. ಒಳಗೆ ಮಗ್ಗದ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಅವನು ಟೈರು ಉಜ್ಜುವಾಗ ಕಣ್ಣು ಮುಚ್ಚುತ್ತಿದ್ದ. ರಬ್ಬರು ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಬೆರಳಿಗೆ ತಿಳಿಯುತ್ತದೆ, ಕಣ್ಣಿಗಲ್ಲ ಅನ್ನುತ್ತಿದ್ದ. ನೀವೂ ಮುಚ್ಚಿ ನೋಡಿ ಎಂದು ಟೈರನ್ನು ನನ್ನ ಕೈಗೆ ಕೊಟ್ಟ. ಮುಚ್ಚಿದೆ. ತಿರುಗಿಸುತ್ತಾ ಹೋದಂತೆ ರಬ್ಬರು ಮುಗಿದು ಅವನ ಬೆರಳು ಬಂತು. ಇಬ್ಬರೂ ಕೈ ತೆಗೆಯಲಿಲ್ಲ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕಣ್ಣು ತೆರೆದಾಗ ಅವನ ಕಣ್ಣು ಇನ್ನೂ ಮುಚ್ಚಿಯೇ ಇತ್ತು.

ನಾಲ್ಕನೆಯ ರವಿವಾರ ಅಂಗಡಿಯ ಹಿಂದಿನ ಬಯಲಿನಲ್ಲಿ ನನ್ನ ಬಗ್ಗಿಯನ್ನು ಓಡಿಸಿದೆವು. ಅದೇ ಗಾಡಿ, ಅದೇ ಬ್ಯಾಟರಿ. ಆದರೆ ಗುಂಡಿ ಒತ್ತಿದೊಡನೆ ಜಿಗಿಯಿತು. ಹತ್ತು ನಿಮಿಷ ಓಡಿದ ಮೇಲೂ ಮೋಟರಿನ ಮೇಲೆ ಬೆರಳಿಡುವಂತಿತ್ತು. ನಾನು ಮಗುವಿನಂತೆ ಕುಣಿದೆ. ಅವನು ಗಾಡಿಯ ಕಡೆ ನೋಡುತ್ತಿರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಗ್ರೂಪಿಗೆ ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅವನೇ ಮರೆತಿದ್ದಾನಲ್ಲ ಅಂದುಕೊಂಡೆ. ಅಷ್ಟು ಸುಖವಾಗಿದ್ದಾಗ ನಾಚಿಕೆಯ ಮಾತು ಯಾರಿಗೆ ಬೇಕು.

ಐದನೆಯ ರವಿವಾರ ನಾನು ಹೋದಾಗ ಅಂಗಡಿಯಲ್ಲಿ ಒಬ್ಬ ರೈತರಿದ್ದರು. ಮಡಿವಾಳೆಪ್ಪ ಅಂತ, ಹಳೆಯ ಗಿರಾಕಿ, ಯುನೂಸ್‌ನ ತಂದೆಯ ಕಾಲದಿಂದ ಬರುವವರು. ಕೈಯಲ್ಲಿ ಸ್ವಂತದ ಕೈತಕ್ಕಡಿ. ಯುನೂಸ್ ಸುತ್ತಬೇಕಾದ, ತೂಕದ ಲೆಕ್ಕದಲ್ಲಿ ದುಡ್ಡು ಕೊಡುವ ಹೊಸ ತಾಮ್ರದ ತಂತಿಯನ್ನು ಮೊದಲು ಅವರು ತೂಗಿದರು. ಆಮೇಲೆ ಪೆಟ್ಟಿಗೆಯ ಮೇಲೆ ಕೂತು, ಅವನು ಸುತ್ತುವ ಒಂದೊಂದು ಸುತ್ತನ್ನೂ ನೋಡುತ್ತಿದ್ದರು. ಯುನೂಸ್ ತಲೆ ಎತ್ತಲಿಲ್ಲ. ಅವನ ಕಿವಿ ಕೆಂಪಾಗಿತ್ತು.

ನಾನು ಒಳಗೆ ಹೋಗಿ ಜೈನಬಿಯವರ ಪಕ್ಕ ಕೂತೆ. ಇಲ್ಲಿ ಹೀಗೆ ಗಿರಾಕಿಗಳೇ ತೂಗಿ ನೋಡುವ ಪದ್ಧತಿಯೇ ಅಂತ ಸುಮ್ಮನೆ ಕೇಳಿದೆ.

ಜೈನಬಿ ಮಗ್ಗದಿಂದ ಕೈ ತೆಗೆದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಇಲ್ಲ ಬೇಟಾ. ಇವರಪ್ಪ ಇಪ್ಪತ್ತೆಂಟು ವರ್ಷ ಮೋಟರ್ ಕಟ್ಟಿದ್ರು, ಒಬ್ಬರೂ ತಕ್ಕಡಿ ತಂದಿರಲಿಲ್ಲ. ಕುಂದಗೋಳದಾಗ ಯಾರೋ ಒಬ್ಬ ಮೇಡಂ ಇವನ್ನ ತೂಕದಾಗ ಮೋಸಾ ಮಾಡ್ತಾನ ಅಂದ್ರಂತ. ಫೋಟೊ ಊರಿಗೆಲ್ಲಾ ಬಂತು. ಗಾಲಿ ಏನು, ತಾಮ್ರ ಏನು, ಮಂದಿಗೆ ಎರಡೂ ಒಂದ.”

ಆ ಮೇಡಂ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಐದು ವಾರ ನನಗೆ ರೊಟ್ಟಿ ಬಡಿಸಿದ್ದರು. ಅವನು ಅವರಿಗೆ ಹೇಳಿರಲಿಲ್ಲ.

“ಆಕಿ ನಾನ, ಖಾಲಾ,” ಅಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಮಗ್ಗದ ಕಡೆ ತಿರುಗಿದರು. ಆದರೆ ನೇಯಲಿಲ್ಲ. ದಾರದ ಮೇಲೆ ಕೈ ಇಟ್ಟುಕೊಂಡು ಕೂತರು. ನಾನು ಹಿತ್ತಲ ಬಾಗಿಲಿನಿಂದ ಹೊರಟುಬಂದೆ. ಅವನಿಗೆ ಹೇಳಿ ಬರುವ ಧೈರ್ಯವಾಗಲಿಲ್ಲ.

ಬಸ್ಸಿನಲ್ಲಿಯೇ ಗ್ರೂಪಿಗೆ ಕಳಿಸಿದೆ. ಬರೆಯಲಿಲ್ಲ, ಬರೆದರೆ ಅಳಿಸುತ್ತೇನೆಂದು ಧ್ವನಿಯಲ್ಲೇ ಕಳಿಸಿದೆ. ನಿಯಮ ಓದದೆ ಮಾತಾಡಿದ್ದು ನಾನು, ಯುನೂಸ್‌ನ ಗಾಡಿ ಸರಿಯಾಗಿತ್ತು, ನನಗೆ ಇದು ಒಂದೇ ದಿನದಲ್ಲಿ ತಿಳಿದರೂ ಐದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಡಾಕ್ಟರು ಒಡನೆ, ಮುಂದಿನ ರೇಸಿಗೆ ಅವನನ್ನು ತಾವೇ ಕರೆಯುವುದಾಗಿ ಬರೆದರು. ಉಳಿದವರಲ್ಲಿ ಕೆಲವರು ನಕ್ಕರು. ನಗಲಿ ಅನಿಸಿತು. ಇಷ್ಟಕ್ಕೇ ಇಷ್ಟು ದಿನ ಹೆದರಿದ್ದೆನೇ ಎಂದು ಇನ್ನೂ ನಾಚಿಕೆಯಾಯಿತು.

ಆದರೆ ಮಡಿವಾಳೆಪ್ಪನವರು ನಮ್ಮ ಗ್ರೂಪಿನಲ್ಲಿರಲಿಲ್ಲ. ನವಲಗುಂದದ ಪೇಟೆ ಅಲ್ಲಿರಲಿಲ್ಲ.

ಸಂತೆಯ ದಿನ ಕಾಲೇಜಿಗೆ ರಜೆ ಹಾಕಿದೆ. ಅಂಗಡಿಯ ಎದುರಿಗೆ ಒಂದು ಚಹಾದ ಹೋಟೆಲ್ಲು. ಸಂತೆಗೆ ಬಂದ ರೈತರೆಲ್ಲ ಮಧ್ಯಾಹ್ನ ಅಲ್ಲಿ ಸೇರುತ್ತಾರೆಂದು ಗೊತ್ತಿತ್ತು. ಮಡಿವಾಳೆಪ್ಪನವರು ಹೊರಗಿನ ಬೆಂಚಿನ ಮೇಲಿದ್ದರು. ಸುತ್ತ ಹತ್ತು ಹದಿನೈದು ಜನ. ಯುನೂಸ್ ತನ್ನ ಅಂಗಡಿಯೊಳಗೆ ಬೆನ್ನು ತಿರುಗಿಸಿ ಕೂತಿದ್ದ.

ಮದುವೆಯಾಗದ ಹುಡುಗಿ, ಕಾಲೇಜಿನ ಮೇಡಂ, ಪರವೂರಿನ ಪೇಟೆಯಲ್ಲಿ ನಿಂತು ಒಬ್ಬ ಗಂಡಸಿನ ಪರವಾಗಿ ಮಾತಾಡಿದರೆ ಸಂಜೆಯೊಳಗೆ ಅದು ಅಣ್ಣಿಗೇರಿಗೆ ಮುಟ್ಟುತ್ತದೆ. ಅಬ್ಬಾನಿಗೆ ಮುಂಜಾನೆಯೇ ಎಲ್ಲ ಹೇಳಿದ್ದೆ. ನನ್ನ ತಂದೆ ಇಮಾಮಹುಸೇನರು ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಮಾತು ಕಡಿಮೆ. ಕಲ್ಲು ಒಗೆದ ಕೈಯೇ ಹೋಗಿ ಎತ್ತಬೇಕು ಅಂದಿದ್ದರು, ಅಷ್ಟೇ.

“ಕಾಕಾರ,” ಅಂದೆ ಮಡಿವಾಳೆಪ್ಪನವರಿಗೆ. ಉಳಿದವರೂ ತಿರುಗಿದರು. “ಕುಂದಗೋಳದಾಗ ಯುನೂಸ್ ಅವರಿಗೆ ತೂಕದಾಗ ಮೋಸಾ ಮಾಡ್ತಾರ ಅಂದಾಕಿ ನಾನ್ರಿ. ಅದು ಸುಳ್ಳು. ಅವರು ಆಟದ ಗಾಡಿಯ ಗಾಲಿ ಹಗುರ ಮಾಡಿದ್ರು, ಅದು ತಪ್ಪಲ್ಲ, ಜಾಣತನ. ನನಗ ತಿಳೀಲಿಲ್ಲ. ತಿಳಿದ ಮ್ಯಾಲೂ ನಾಚಿಕಿಗೆ ಹೇಳಲಿಲ್ಲ. ನನ್ನ ಮಾತಿಲೇ ನೀವು ತಕ್ಕಡಿ ತರೂವಂಗ ಆತು.”

ಹೋಟೆಲಿನವನು ಚಹಾ ಸೋಸುವುದನ್ನು ನಿಲ್ಲಿಸಿದ್ದ. ಮಡಿವಾಳೆಪ್ಪನವರು ತಂಬಾಕು ಉಗುಳಿ ಬಂದು ಕೂತರು. ಬಂದು ಹೇಳಿದ್ದು ಒಳ್ಳೆಯದಾಯಿತು ಅಂದರು. ಆದರೆ ಒಮ್ಮೆ ಹಿಡಿದ ತಕ್ಕಡಿಯನ್ನು ಕೆಳಗಿಡಲು ಮನಸ್ಸಿಗೆ ಸ್ವಲ್ಪ ದಿನ ಬೇಕಾಗುತ್ತದೆ ಅಂತಲೂ ಅಂದರು. ಅದು ನಿಜ. ನಾನು ತಲೆಯಾಡಿಸಿದೆ.

ಆಗ ಬೆಂಚಿನ ತುದಿಯಿಂದ ಒಬ್ಬ ಮುದುಕಿ, ಕಾಯಿಪಲ್ಲೆ ಮಾರುವ ತಾಯವ್ವ, ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

“ಅಲ್ಲವಾ, ನೀ ಇವಂಗ ಏನಾಗಬೇಕು?”

ಯುನೂಸ್ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದ. ಯಾವಾಗ ಬಂದನೋ.

“ಇನ್ನೂ ಏನೂ ಆಗಿಲ್ರಿ,” ಅಂದೆ.

ಬಾಯಿಂದ ಬಿದ್ದ ಮೇಲೆ ಆ ‘ಇನ್ನೂ’ ನನಗೇ ಕೇಳಿಸಿತು. ತಾಯವ್ವನಿಗೂ ಕೇಳಿಸಿತು, ಬೊಚ್ಚು ಬಾಯಿ ಅಗಲಿಸಿ ನಕ್ಕಳು. ಬೆಂಚೆಲ್ಲ ನಕ್ಕಿತು. ನಾನು ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದಷ್ಟು ವೇಗವಾಗಿ ನಡೆದೆ.

ಅವನು ಸ್ಟ್ಯಾಂಡಿನವರೆಗೂ ನನ್ನ ಹಿಂದೆ ಓಡಿ ಬಂದ. ಏದುಸಿರು ಬಿಡುತ್ತಿದ್ದ. ಕೈಗೆಲ್ಲ ವಾರ್ನಿಶ್. ನಾನು ಕೂತಿದ್ದ ಕಲ್ಲಿನ ಕಟ್ಟೆಯ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ.

“ನಂದೂ ಒಂದು ಐತ್ರಿ ಹೇಳೂದು,” ಅಂದ. “ಅವತ್ತ ನಿಯಮದ ಹಾಳಿ ನನ್ನ ಕಿಸೇದಾಗ ಇತ್ತು. ತೆಗದು ತೋರಿಸಿದ್ರ ಅಲ್ಲೇ ಮುಗೀತಿತ್ತು.”

ನಾನು ಅವನ ಕಡೆ ತಿರುಗಿದೆ.

“ಮತ್ಯಾಕ ತೋರಿಸಲಿಲ್ರಿ?”

ಅವನು ಕೈಯ ವಾರ್ನಿಶ್ ಕೆರೆಯುತ್ತಾ ಕೂತ. ದೊಡ್ಡ ಮನಸ್ಸಿನಿಂದ ಅಂತ ತಾಯಿಗೆ ಹೇಳಿದ್ದನಂತೆ, ರವಿವಾರ ಅವರು ಕೇಳಿದಾಗ. ಅದು ಸುಳ್ಳು ಅಂದ. ನಾನು ತೋರಿಸದೆ ಇದ್ದದ್ದು ಸಿಟ್ಟಿನಿಂದ. ಮನೆಗೆ ಹೋಗಿ ನೀವೇ ಓದಬೇಕು, ಓದಿ ನಾಚಿಕೆಯಲ್ಲಿ ಬೇಯಬೇಕು, ನಿದ್ದೆ ಬರಬಾರದು ಅಂತ ಬಯಸಿದ್ದೆ. ನೀವು ಮೊದಲ ರವಿವಾರ ಬಂದು ನೆಲ ನೋಡುತ್ತಾ ನಿಂತಾಗ ಒಳಗೊಳಗೆ ಖುಷಿಯಾಗಿತ್ತು. ಆ ಖುಷಿ ಒಂದು ಲೋಟ ಚಹಾದಷ್ಟು ಹೊತ್ತೂ ಉಳಿಯಲಿಲ್ಲ. ಆಮೇಲೆ, ಹಾಳೆಯ ವಿಷಯ ಹೇಳಿದರೆ ನೀವು ಬರುವುದು ನಿಲ್ಲಿಸುತ್ತೀರಿ ಅಂತ ಹೆದರಿದೆ. ತಕ್ಕಡಿಯ ವಿಷಯವನ್ನೂ ಅದಕ್ಕೇ ಹೇಳಲಿಲ್ಲ. ನೀವು ಬರುತ್ತಿದ್ದದ್ದು ನಾಚಿಕೆಗೋ, ಗಾಲಿಗೋ ಗೊತ್ತಿರಲಿಲ್ಲ ಅಂದ.

“ಗಾಲಿಗಂತೂ ಅಲ್ರಿ,” ಅಂದೆ. “ನಾಕೂ ಗಾಲಿ ನಾಕನೇ ವಾರಕ್ಕ ಮುಗದಿದ್ವು.”

ಅವನು ಒಮ್ಮೆಲೇ ನನ್ನನ್ನು ನೋಡಿದ. ತುಟಿಯ ಎರಡೂ ಕಡೆ ನಗು ಬಂತು. ನಾನು ನೋಡಿದೆ, ಈ ಸಲ ಸರಿಯಾಗಿಯೇ ಓದಿದೆ.

ತನ್ನ ಅಮ್ಮಿ ಶುಕ್ರವಾರ ನಮಾಜು ಮುಗಿದ ಮೇಲೆ ಅಣ್ಣಿಗೇರಿಗೆ ಬರುತ್ತಾರಂತೆ ಎಂದ. ರವಿವಾರದಿಂದ ಅವರು ಅವನೊಡನೆ ಮಾತೇ ಆಡಿರಲಿಲ್ಲವಂತೆ. ಈಗ ತಾಯವ್ವನ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಅಂಗಡಿಯ ಬಾಗಿಲ ಹಿಂದೆ ನಿಂತು ಕೇಳಿ, ಆ ಹುಡುಗಿಯ ಮನೆಯ ವಿಳಾಸ ಕೇಳು, ಮುಂದಿನದನ್ನು ನಾನು ನೋಡುತ್ತೇನೆ ಅಂದರಂತೆ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ, ಅಂತ ಅವನು ಸೇರಿಸಿದ.

ಅಣ್ಣಿಗೇರಿಯ ಬಸ್ ಬಂದು ನಿಂತಿತು. ನಾನು ಎದ್ದೆ. ವಿಳಾಸ ಹೇಳಿದೆ, ಮನೆಯ ಗುರುತನ್ನೂ ಹೇಳಿದೆ, ಅಬ್ಬಾನಿಗೆ ಸಿಹಿ ಕಡಿಮೆ ಹಾಕಿದ ಚಹಾ ಇಷ್ಟ ಅಂತಲೂ ಹೇಳಿದೆ. ಒಪ್ಪಿಗೆ ಅನ್ನುವ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ.

ಬಸ್ ಹತ್ತಿ ಕಿಟಕಿಯ ಪಕ್ಕ ಕೂತೆ. ಅವನು ಕೆಳಗೆ ನಿಂತಿದ್ದ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು.

“ಮುಟ್ಟಿದ ಕೂಡ್ಲೆ ಫೋನ್ ಮಾಡು,” ಅಂದ.

ಬಸ್ ಹೊರಟ ಮೇಲೆ ತಿಳಿಯಿತು. ‘ಮಾಡ್ರಿ’ ಅಂದಿರಲಿಲ್ಲ.

ಬಸ್ಸು ಇನ್ನೂ ಸ್ಟ್ಯಾಂಡಿನ ಗೇಟು ದಾಟಿರಲಿಲ್ಲ. ಸಂತೆಯ ಎತ್ತಿನ ಗಾಡಿಯೊಂದು ಅಡ್ಡ ಬಂದು ನಿಂತಿತ್ತು. ನಾನು ಫೋನ್ ಮಾಡಿದೆ.

“ಇನ್ನೂ ಮುಟ್ಟಿಲ್ಲ,” ಅಂದೆ.

“ಗೊತ್ತೈತಿ,” ಅಂದ. “ನೀ ನನಗ ಕಾಣಾಕತ್ತೀ.”